ಎರಡು ಎಳೆತ, ಮತ್ತೆ ಎರಡು

ಕೆಳಗೆ ಮನುಷ್ಯ ಇರುವಾಗ ಮೇಲಿನವನು ಹಗ್ಗ ಬಿಡಬಾರದು.

ಬಾವಿಯ ಹೂಳೆತ್ತುವವರ ಕಸುಬಿನಲ್ಲಿ ನಿಯಮ ಅಂತ ಇರುವುದು ಇದೊಂದೇ. ಉಳಿದದ್ದೆಲ್ಲ ಅಭ್ಯಾಸ. ಮಳೆ ಹೊಯ್ಯಲಿ, ಕಾಲಿಗೆ ಚೇಳು ಕುಟುಕಲಿ, ಹೆತ್ತ ತಾಯಿಯೇ ಎದುರು ಬಂದು ನಿಂತು ಬಿಡು ಅನ್ನಲಿ… ಬಿಡಬಾರದು. ಈ ಕತೆಯಲ್ಲಿ ಬರುವವರೆಲ್ಲ ಅದನ್ನು ಮುರಿದರು. ಹಿಂದಿನವರೂ ಮುರಿದರು, ಈಗಿನವರೂ ಮುರಿದರು. ಒಬ್ಬನನ್ನು ಬಿಟ್ಟು.

ಆ ಒಬ್ಬ ಈಗ ನಮ್ಮ ಹಿಂದಿನ ಮನೆಯಲ್ಲಿ ಬಾಡಿಗೆಗೆ ಇದ್ದಾನೆ. ಅವನನ್ನು ಎಲ್ಲರೂ ಕರೆಯುವುದು ಉಡ ಅಂತ. ಗೋಡೆ ಕಚ್ಚಿದ ಉಡದ ಹಾಗೆ, ಹಿಡಿದದ್ದನ್ನು ಬಿಡುವ ಜಾಯಮಾನ ಅವನದಲ್ಲ. ಅವನ ಬಲಗೈ ಮುಷ್ಟಿ ಈಗ ಪೂರ್ತಿ ಮುಚ್ಚುವುದಿಲ್ಲ. ಎರಡು ಬೆರಳು ಹೊರಗೇ ಉಳಿಯುತ್ತವೆ. ಅದು ಹೇಗಾಯಿತು ಎನ್ನುವುದನ್ನೇ ಹೇಳಹೊರಟಿದ್ದೇನೆ.

ಉಡ ಮದುವೆಯಾದದ್ದು ಹೂಳೆತ್ತುವ ಮೇಸ್ತ್ರಿಯ ಹಿರಿ ಮಗಳನ್ನು. ಮಾವನ ಮನೆಯ ಹಿಂದಿನ ಕೋಣೆಯಲ್ಲೇ ಸಂಸಾರ, ಮಾವನ ಕೈಕೆಳಗೇ ಕೆಲಸ. ಮದುವೆಯಾದ ವಾರಕ್ಕೆ ಮಾವ ಅವನ ಕೈಗೆ ಹಗ್ಗ ಕೊಟ್ಟು ಸನ್ನೆ ಕಲಿಸಿದ್ದ. ಕೆಳಗಿನಿಂದ ಒಂದು ಎಳೆತ ಬಂದರೆ ಬುಟ್ಟಿ ಎತ್ತು. ಎರಡು ಬಂದರೆ ಮನುಷ್ಯನನ್ನು ಎತ್ತು. ಮೂರು ಬಂದರೆ ಗಾಳಿ ಕೆಟ್ಟಿದೆ, ಜೀವ ಹೋಗುತ್ತಿದೆ, ಓಡು ಅಂತ.

"ನಾಲ್ಕು ಬಂದ್ರೆ ಮಾವ?"

"ನಾಲ್ಕು ಬರೋದಿಲ್ಲ," ಅಂದಿದ್ದ ಮೇಸ್ತ್ರಿ. ಅಂದು ಮಾತು ಮುಗಿಸಿಬಿಟ್ಟಿದ್ದ.

ಊರಾಚೆ, ರಸ್ತೆ ಎಡಕ್ಕೆ ತಿರುಗುವಲ್ಲಿ ಒಂದು ಬಾವಿಯಿದೆ. ಅರವತ್ತೆರಡು ಅಡಿ ಆಳ, ಹದಿನಾಲ್ಕು ಅಡಿ ಅಗಲ, ಸುತ್ತ ಕೆತ್ತಿದ ಕಲ್ಲಿನ ಕಟ್ಟೆ. ಒಂದು ಕಡೆ ಕಟ್ಟೆಯ ನಾಲ್ಕು ಚಪ್ಪಡಿ ಇಲ್ಲ. ಬಾಯಲ್ಲಿ ಹಲ್ಲು ಬಿದ್ದ ಹಾಗೆ ಅಲ್ಲೊಂದು ಸಂದು. ನಗರಸಭೆ ಬಾವಿಗೆ ಬೇಲಿ ಹಾಕಿ, ಗೇಟು ಇಟ್ಟು, ಬೋರ್ಡು ಬರೆಸಿದೆ. ಬಾವಿ ತೋಡಲು ಬಂದವನೂ ಅದನ್ನು ತೋಡಿಸುತ್ತಿದ್ದ ಮನೆಯ ಹುಡುಗಿಯೂ ಒಬ್ಬರನ್ನೊಬ್ಬರು ಪ್ರೀತಿಸಿದರು, ಮನೆಯವರು ಒಪ್ಪಲಿಲ್ಲ, ಕೈ ಕೈ ಹಿಡಿದು ಹಾರಿ ಪ್ರಾಣ ಬಿಟ್ಟರು… ಹೀಗೆ. ಜೋಡಿಗಳು ಬರುತ್ತಾರೆ. ಬೀಗದ ಮೇಲೆ ಇಬ್ಬರ ಗುರುತು ಬರೆದು, ಬೀಗ ಹಾಕಿ, ಒಳಗೆಸೆಯುತ್ತಾರೆ. ಬಿಡಿಸಲಾಗದ ನಂಟು ಅಂತ ಅವರ ಲೆಕ್ಕ. ಎಸೆದೂ ಎಸೆದೂ ಬಾವಿಯ ತಳ ಆಳೆತ್ತರ ಮೇಲೆ ಬಂದಿತ್ತು. ನೀರು ತುಕ್ಕು ನಾರುತ್ತಿತ್ತು. ತೆಗೆಯುವ ಕೆಲಸ ಮೇಸ್ತ್ರಿಗೆ ಸಿಕ್ಕಿತು. ಹಗಲೆಲ್ಲ ಜನ, ಹಾಗಾಗಿ ಗೇಟು ಮುಚ್ಚಿದ ಮೇಲೆ ಕೆಲಸ. ಹತ್ತು ರಾತ್ರಿಯ ಗಡುವು.

ಕೆಲಸ ಶುರುವಾಗುವ ಹಿಂದಿನ ರಾತ್ರಿ ಉಡನೂ ಮೇಸ್ತ್ರಿಯೂ ಹೋಗಿ ಬಾವಿಯ ಮೇಲೆ ಮೂರು ಕಾಲಿನ ಕಬ್ಬಿಣದ ಚೌಕಟ್ಟು ನಿಲ್ಲಿಸಿ, ರಾಟೆ ಕಟ್ಟಿ, ಎಣ್ಣೆ ಬಿಟ್ಟು ಹೊರಟರು. ಹನ್ನೊಂದು ದಾಟಿತ್ತು. ಹಗ್ಗದ ಸುರುಳಿ ಉಡನ ಹೆಗಲ ಮೇಲೆ. ಗೇಟು ದಾಟಿ ಇಪ್ಪತ್ತು ಹೆಜ್ಜೆ ನಡೆದಿರಬೇಕು…

ಕಿರ್ರ್ರ್… ಟಕ್.

ಉಡ ನಿಂತ. ಕಿರ್ರ್ ಎನ್ನುವುದು ರಾಟೆ ತಿರುಗುವ ಸದ್ದು. ಗಾಳಿಗೂ ತಿರುಗಬಹುದು ಅನ್ನೋಣ. ಟಕ್ ಎನ್ನುವುದು ಬೇರೆ. ಹಗ್ಗಕ್ಕೆ ಭಾರ ಬಿದ್ದಾಗ ರಾಟೆಯ ಅಚ್ಚು ಒಂದು ಪಕ್ಕಕ್ಕೆ ಕೂರುವ ಸದ್ದು ಅದು. ಭಾರವಿಲ್ಲದೆ ಬರುವಂಥದ್ದಲ್ಲ.

ಕಿರ್ರ್ರ್… ಟಕ್.

"ಮಾವ."

"ಹ್ಞೂಂ."

"ಹಗ್ಗ ನನ್ನ ಹೆಗಲ ಮೇಲಿದೆ."

"ಗೊತ್ತು. ನಡಿ."

"ಅಲ್ಲಾ, ರಾಟೆ…"

"ಕೇಳಿಸ್ತು ಅಂತ ಮಾತ್ರ ಹೇಳ್ಬೇಡ. ತಿರುಗಬೇಡ. ನಡಿ ಅಂದ್ನಲ್ಲ."

ನಡೆದರು. ಬೆನ್ನ ಹಿಂದೆ ಇನ್ನೂ ಮೂರು ಸಲ ಕೇಳಿತು. ಮುಖ್ಯರಸ್ತೆಯ ದೀಪದ ಕೆಳಗೆ, ಮುಚ್ಚಿದ ಅಂಗಡಿಯೊಂದರ ಮೆಟ್ಟಿಲ ಮೇಲೆ ಮೇಸ್ತ್ರಿ ಕೂತ. ಸಿಗರೇಟು ಹಚ್ಚಲು ನಾಲ್ಕು ಕಡ್ಡಿ ಬೇಕಾಯಿತು.

"ಬೋರ್ಡಲ್ಲಿ ಬರೆದಿರೋದು ಸುಳ್ಳು," ಅಂದ. "ಅವರು ಹಾರಲಿಲ್ಲ."

ಉಡ ಏನೂ ಕೇಳಲಿಲ್ಲ. ಕೇಳದಿದ್ದರೇ ಮಾವ ಹೇಳುತ್ತಾನೆ ಎಂಬುದು ಅವನಿಗೆ ಗೊತ್ತಿತ್ತು.

"ಮೇಲೆ ಕಟ್ಟೆ ಮುಗಿದಿತ್ತು, ಅವನು ಕೆಳಗೆ ಇನ್ನೂ ಅಗೀತಾ ಇದ್ದ. ಅಪ್ಪ, ಇಬ್ಬರು ಅಣ್ಣಂದಿರು ಹೊಡೆಯೋಕೆ ಬರ್ತಿದಾರೆ ಅಂತ ಹುಡುಗಿಗೆ ಗೊತ್ತಾಯ್ತು. ಓಡಿ ಬಂದ್ಲು. ಕೂಗಿ ಹೇಳೋ ಹಾಗಿಲ್ಲ. ಹಗ್ಗ ಹಿಡ್ಕೊಂಡು ಜಾರಿ ಕೆಳಗೇ ಇಳಿದುಬಿಟ್ಲು. ಇಬ್ಬರೂ ಒಂದೇ ಹಗ್ಗಕ್ಕೆ ಎರಡು ಕುಣಿಕೆ ಹಾಕ್ಕೊಂಡು ಸನ್ನೆ ಕೊಟ್ಟರು. ಎರಡು ಎಳೆತ… ತಡೆದು, ಮತ್ತೆ ಎರಡು. ಇಬ್ಬರಿದೀವಿ, ಎತ್ತು ಅಂತ."

"ಮೇಲೆ ಹಗ್ಗ ಹಿಡಿದವನು?"

"ಅವನ ಜೊತೆಗಾರ. ಎತ್ತೋಕೆ ಶುರು ಮಾಡಿದ್ದ, ಪಾಪ. ಅರ್ಧ ಎತ್ತಿದ್ದ. ಅಷ್ಟರಲ್ಲಿ ಅವರು ಬಂದರು. ಬಿಡು ಅಂದರು." ಮೇಸ್ತ್ರಿ ಹೊಗೆ ಬಿಟ್ಟ. "ಬಿಟ್ಟ."

ಸಿಗರೇಟಿನ ಬೂದಿಯನ್ನು ಮೆಟ್ಟಿಲಿಗೆ ಕೊಡವಿದ.

"ಬಿದ್ದರೂ ಸಾಯ್ಲಿಲ್ಲ. ಕೂಗ್ತಿದ್ದರು. ಕಟ್ಟೆಯ ಚಪ್ಪಡಿ ಕಿತ್ತು ಮೇಲಿಂದ ಹಾಕಿದರು. ಒಂದು ಹಾಕಿದರು… ಕೂಗು ಇತ್ತು. ಎರಡು ಹಾಕಿದರು. ಮೂರು. ಮೂರರ ತನಕ ಇತ್ತಂತೆ. ನಾಲ್ಕನೇದಕ್ಕೆ ನಿಂತಿತು. ಹೆಣ ತೆಗೆಯೋಕೆ ಯಾರೂ ಇಳೀಲಿಲ್ಲ. ಆವತ್ತಿಂದ ನಮ್ಮ ಕಸುಬಿಗೆ ನಿಯಮ ಬಂತು."

"ಅವನ ಜಾಗದಲ್ಲಿ ನೀವಿದ್ದಿದ್ರೆ?"

ಮೇಸ್ತ್ರಿ ಅಳಿಯನ ಮುಖ ನೋಡಿದ. ಅವಮಾನವಾದವನ ನೋಟ ಅದು.

"ನನ್ನ ಕೈ ಕಡಿದ್ರೂ ಬಿಡ್ತಿರಲಿಲ್ಲ," ಅಂದ.

ಸುಳ್ಳು ಹೇಳಲಿಲ್ಲ. ಹೇಳುವಾಗ ಅವನಿಗೆ ಹಾಗೇ ಅನ್ನಿಸಿತ್ತು.

ಮೇಸ್ತ್ರಿಯ ಮನೆಯ ಇನ್ನಿಬ್ಬರ ಬಗ್ಗೆ ಹೇಳಬೇಕು, ಮತ್ತೆ ಅಂಗಳದ ಶೆಡ್ಡಿನಲ್ಲಿ ಮಲಗುತ್ತಿದ್ದ ಒಬ್ಬನ ಬಗ್ಗೆ.

ಮೇಸ್ತ್ರಿಯ ಮಗನನ್ನು ಊರವರು ಬೆನ್ನ ಹಿಂದೆ ಸೀಮೆಎಣ್ಣೆ ಅನ್ನುತ್ತಿದ್ದರು. ಕಡ್ಡಿ ತೋರಿಸಿದರೆ ಸಾಕು. ಹಿಂದಿನ ವರ್ಷ ಯಾವನೋ ಅವನ ತಂಗಿಯನ್ನು ನೋಡಿ ಸಿಳ್ಳೆ ಹೊಡೆದ ಅಂತ ಸ್ಪ್ಯಾನರಿನಿಂದ ಅವನ ದವಡೆ ಒಡೆದು ಬಂದಿದ್ದ. ಬಂದವನೇ ಕೈ ತೊಳೆದು ಊಟಕ್ಕೆ ಕೂತಿದ್ದ. ಎರಡು ಸಲ ಬಡಿಸಿಕೊಂಡಿದ್ದ.

ಆ ತಂಗಿ, ಎಂದರೆ ಉಡನ ನಾದಿನಿ, ಕೆಲಸದವರ ಚರ್ಮದ ಕೈಗವಸು ಹೊಲಿಯುತ್ತಿದ್ದಳು. ಹಗ್ಗ ಉಜ್ಜಿ ಉಜ್ಜಿ ವಾರಕ್ಕೊಂದು ಜೊತೆ ಹರಿಯುತ್ತದೆ. ಅವಳು ಹೊಲಿದದ್ದು ತಿಂಗಳು ಬರುತ್ತಿತ್ತು. ಹೊಲಿಗೆಯೆಲ್ಲ ಕೆಂಪು ದಾರದಲ್ಲಿ. ಅದೇ ಅವಳ ಗುರುತು.

ಶೆಡ್ಡಿನವನು ಗುಬ್ಬಿ. ಬಾವಿಗೆ ಇಳಿಯುವವನು. ಐವತ್ತೆರಡು ಕೆಜಿ ತೂಕ, ಹಿಂದಿಲ್ಲ ಮುಂದಿಲ್ಲ. ಯಾವುದೋ ಊರಿನ ಬಾವಿ ಕೆಲಸದಲ್ಲಿ ಸಿಕ್ಕಿದವನು ಹಾಗೇ ಇವರ ಜೊತೆ ಬಂದುಬಿಟ್ಟಿದ್ದ. ಎಂಥ ಆಳಕ್ಕಿಳಿದರೂ ಅವನ ಬಾಯಿ ಮಾತ್ರ ಮೇಲೇ ಇರುತ್ತಿತ್ತು.

ಎರಡು ತಿಂಗಳಿಂದ ಮನೆಯಲ್ಲಿ ಒಂದೇ ರಾದ್ಧಾಂತ. ಸಾಮಾನಿನ ಪೆಟ್ಟಿಗೆಯ ಹಿತ್ತಾಳೆ ಬೀಗ ಕಾಣೆಯಾಗಿತ್ತು. ಮೇಸ್ತ್ರಿಯ ಅಪ್ಪನ ಕಾಲದ್ದು, ಒಂದು ಮೂಲೆ ಮುಕ್ಕಾದದ್ದು. ಪ್ರತಿ ಊಟದ ಹೊತ್ತಿಗೂ ಮೇಸ್ತ್ರಿ ಅದನ್ನು ತೆಗೆಯುತ್ತಿದ್ದ.

"ಪೆಟ್ಟಿಗೆ ಇದೆ, ಸಾಮಾನಿದೆ, ಬೀಗ ಇಲ್ಲ. ಕಾಲು ಬಂತಾ ಅದಕ್ಕೆ?"

"ಪೊಲೀಸಿಗೆ ಹೇಳಿ ಅಪ್ಪ," ಅಂದಳು ಚಿಕ್ಕವಳು. "ಕಳ್ಳ ಬಂದ, ಪೆಟ್ಟಿಗೆ ಬಿಟ್ಟ, ಬೀಗ ಮಾತ್ರ ಹೊತ್ಕೊಂಡು ಹೋದ ಅಂತ. ಅವರಿಗೂ ನಗೋಕೆ ಏನಾದ್ರೂ ಬೇಡ್ವಾ?"

ಬಾಗಿಲ ಬಳಿ ಕೂತಿದ್ದ ಗುಬ್ಬಿ ತಟ್ಟೆಯಿಂದ ತಲೆಯೆತ್ತಲಿಲ್ಲ. ಮಾತಿನ ಮಲ್ಲ ಆ ದಿನ ತುಟಿ ಪಿಟಕ್ಕೆನ್ನಲಿಲ್ಲ.

ರಾತ್ರಿ ಕೋಣೆಯಲ್ಲಿ ಉಡನ ಹೆಂಡತಿ ಪಿಸುಗುಟ್ಟಿದಳು. "ನೋಡಿದ್ರಾ?"

"ನೋಡಿದೆ."

"ಎಷ್ಟು ದಿನದಿಂದ ಗೊತ್ತು ನಿಮಗೆ?"

"ಗುಬ್ಬಿ ಇಳಿದಾಗ ಅವಳು ಉಸಿರು ಬಿಗಿ ಹಿಡೀತಾಳೆ. ನಾನು ಇಳಿದಾಗ ಕಡ್ಲೆಕಾಯಿ ತಿಂತಿರ್ತಾಳೆ."

ಅವಳು ನಗಲಿಲ್ಲ. "ತಮ್ಮನಿಗೆ ಗೊತ್ತಾದ್ರೆ ಹೊಡೀತಾನೆ."

"ಹೊಡೆದು ನಿಲ್ಲಿಸಿದ್ರೆ ಪುಣ್ಯ."

"ಅಪ್ಪ ಇದಾರಲ್ಲ," ಅಂದಳು.

ಉಡ ದೀಪ ಆರಿಸಿದ.

ಬೀಗ ಎಲ್ಲಿ ಹೋಗಿತ್ತು ಎಂದು ನಿಮಗೆ ಈಗಾಗಲೇ ಹೊಳೆದಿರಬೇಕು. ಊರಿನ ಜೋಡಿಗಳೆಲ್ಲ ಎಸೆಯುವ ಬಾವಿಗೆ ಅವರಿಬ್ಬರೂ ಎಸೆದಿದ್ದರು. ಆ ಬಾವಿಯ ಹೂಳು ಎತ್ತುವವರು ತಾವೇ ಎಂದು ಆಗ ಅವರಿಗೆ ಗೊತ್ತಿರಲಿಲ್ಲ. ಮೊದಲ ರಾತ್ರಿಯೇ ಗುಬ್ಬಿ ಕೆಳಗೆ ಅದನ್ನು ಹುಡುಕಿದ್ದ. ಸಾವಿರಾರು ಬೀಗ, ಕೆಸರು, ತಲೆಗೆ ಕಟ್ಟಿದ ಒಂದು ದೀಪ. ಸಿಗಲಿಲ್ಲ. ಅವನು ಕೈಯಾರೆ ತುಂಬಿಸಿ ಕಳಿಸಿದ ಬುಟ್ಟಿಯಲ್ಲೇ ಅದು ಮೇಲೆ ಹೋಗಿ, ಚೀಲ ಸೇರಿ, ಬೇಲಿಯ ಪಕ್ಕ ಬಿದ್ದಿತ್ತು.

ಏಳನೇ ರಾತ್ರಿ.

ಮೇಲೆ ನಾಲ್ವರು. ಮೇಸ್ತ್ರಿ, ಸೀಮೆಎಣ್ಣೆ, ನೀರು ಹೊರಹಾಕುವ ಪಂಪಿನವ, ಉಡ. ಕೆಳಗೆ ಗುಬ್ಬಿ. ಪಂಪು ಗುಡುಗುಡು ಅನ್ನುತ್ತಿತ್ತು. ಬುಟ್ಟಿ ಮೇಲೆ ಬಂದಾಗೆಲ್ಲ ಬೀಗಗಳು ಕಣಕಣ ಅನ್ನುತ್ತಿದ್ದವು.

"ಅಣ್ಣಾ," ಕೆಳಗಿನಿಂದ ಗುಬ್ಬಿಯ ದನಿ ಗೋಡೆಗೆ ಬಡಿದು ದಪ್ಪವಾಗಿ ಬಂತು. "ಇಷ್ಟು ಜೋಡೀಲಿ ಒಬ್ಬರಾದ್ರೂ ಕೀಲಿ ಇಟ್ಕೊಂಡಿರ್ತಾರಾ?"

"ಇಟ್ಕೊಂಡವರು ಬುದ್ಧಿವಂತರು. ಅಗಿ," ಅಂದ ಉಡ.

ಮರುದಿನ ಬೆಳಿಗ್ಗೆ ಲಾರಿ ಬರುವುದಿತ್ತು. ಹಿತ್ತಾಳೆ ಬೇರೆ, ಕಬ್ಬಿಣ ಬೇರೆ ಮಾಡಿಡು ಎಂದು ಮೇಸ್ತ್ರಿ ಮಗನಿಗೆ ಹೇಳಿದ್ದ. ಸೀಮೆಎಣ್ಣೆ ಮೊದಲ ರಾತ್ರಿಯ ಚೀಲ ಸುರಿದುಕೊಂಡು ದೀಪದ ಕೆಳಗೆ ಕೂತಿದ್ದ.

ಒಂದೂವರೆ ಗಂಟೆಯ ಸುಮಾರಿಗೆ ಕೆಳಗೆ ಗುಬ್ಬಿಯ ಹಾರೆ ಠಣ್ ಅಂತು. ಬೀಗಕ್ಕೆ ಬಡಿದ ಸದ್ದಲ್ಲ ಅದು, ಕಲ್ಲಿನದು.

"ಅಣ್ಣಾ, ಬೀಗ ಮುಗೀತು. ಅಡೀಲಿ ಚಪ್ಪಡಿ ಇದೆ. ಕಟ್ಟೇದು ಅನ್ಸುತ್ತೆ, ಕೆತ್ತನೆ ಇದೆ. ಒಂದು… ಎರಡು… ನಾಲ್ಕಿದೆ."

ಉಡ ಮಾವನ ಕಡೆ ನೋಡಿದ. ಮೇಸ್ತ್ರಿ ಬಾವಿಗೆ ಬಗ್ಗಿ, "ಮುಟ್ಟಬೇಡ," ಅಂದ. "ಮೇಲೆ ಬಾ."

"ಒಂದನ್ನ ಎತ್ತಿಬಿಟ್ಟೆ ಮೇಸ್ತ್ರಿ."

ಆಮೇಲೆ ಕೆಳಗೆ ಮಾತಿಲ್ಲ. ಪಂಪು ಗೊರ್ ಗೊರ್ ಎಂದು ಗಾಳಿ ಕುಡಿದು ತಾನಾಗಿ ನಿಂತಿತು. ಆ ಮೌನದಲ್ಲಿ… ಕೆಳಗೆ ಯಾರೋ ಉಸಿರೆಳೆದುಕೊಂಡ ಹಾಗೆ. ಬಹಳ ಹೊತ್ತು ನೀರಿನಲ್ಲಿ ಮುಳುಗಿದ್ದವರು ಮೇಲೆದ್ದು ಎಳೆದುಕೊಳ್ಳುತ್ತಾರಲ್ಲ, ಆ ಉಸಿರು.

ಹಗ್ಗಕ್ಕೆ ಎರಡು ಎಳೆತ ಬಂತು. ಮನುಷ್ಯನನ್ನು ಎತ್ತು.

ಅದೇ ಹೊತ್ತಿಗೆ ದೀಪದ ಕೆಳಗಿದ್ದ ಸೀಮೆಎಣ್ಣೆ ಎದ್ದು ನಿಂತ. ಕೈಯಲ್ಲೊಂದು ಹಿತ್ತಾಳೆ ಬೀಗ, ಮೂಲೆ ಮುಕ್ಕಾದದ್ದು. ಅಂಗಿಯ ತುದಿಯಿಂದ ಕೆಸರು ಒರೆಸಿದ. ಅದರ ಮೇಲೆ ಮೊಳೆಯಿಂದ ಗೀಚಿದ ಒಂದು ಗುಬ್ಬಿಯ ಚಿತ್ರ. ಬೀಗದ ಕೊಂಡಿಗೆ ಸುತ್ತಿ ಸುತ್ತಿ ಕಟ್ಟಿದ ಕೆಂಪು ದಾರ.

ಅವನು ಕೂಗಾಡಲಿಲ್ಲ. ಉಡನಿಗೆ ಹೆದರಿಕೆಯಾದದ್ದು ಅದಕ್ಕೇ. ಅಪ್ಪನ ಬಳಿ ಹೋಗಿ ಅಂಗೈ ತೆರೆದು ತೋರಿಸಿದ, ಅಷ್ಟೆ. ಮೇಸ್ತ್ರಿ ಬೀಗ ನೋಡಿದ. ಬಹಳ ಹೊತ್ತು ನೋಡಿದ. ಅಪ್ಪನ ಕಾಲದ ಬೀಗ. ಜೇಬಿಗೆ ಹಾಕಿಕೊಂಡ.

"ಎಳೀರಿ," ಅಂದ.

ನಾಲ್ವರೂ ಹಗ್ಗಕ್ಕೆ ಕೈ ಹಾಕಿದರು. ಕೊನೆಯವನು ಉಡ. ನೆಲಕ್ಕೆ ಬಡಿದ ಕಬ್ಬಿಣದ ಗೂಟಕ್ಕೆ ಹಗ್ಗ ಒಂದು ಸುತ್ತು ಹಾಕಿ ಸೊಂಟಕ್ಕೆ ಕೊಟ್ಟು ನಿಲ್ಲುವುದು ಅವನ ಕೆಲಸ. ಎಳೆದ ಹಗ್ಗ ಅವನ ಬದಿಯಲ್ಲಿ ಸುರುಳಿಯಾಗಿ ಬೀಳುತ್ತಿತ್ತು. ಕಿರ್ರ್… ಕಿರ್ರ್… ಹತ್ತಡಿ. ಇಪ್ಪತ್ತು. ನಲವತ್ತು ಅಡಿ ಎತ್ತಿದರು. ಆ ಎತ್ತರದಿಂದ ಕಲ್ಲಿನ ಮೇಲೆ ಬಿದ್ದವನು ಬದುಕುವುದಿಲ್ಲ.

ಅಲ್ಲಿ ಮೇಸ್ತ್ರಿ ಕೈ ತೆರೆದ.

ಮಗನೂ ತೆರೆದ. ಇಬ್ಬರು ಬಿಟ್ಟ ಭಾರವೆಲ್ಲ ಒಮ್ಮೆಲೇ ಹಿಂದಿನವರ ಮೇಲೆ ಬಂತು. ಪಂಪಿನವ ತೂರಾಡಿ, "ಏನ್ ಮೇಸ್ತ್ರಿ…" ಅಂದ.

"ಮನೆ ವಿಷಯ. ನೀನು ಹೋಗು."

ಪಂಪಿನವ ಮೂವರ ಮುಖ ನೋಡಿದ. ಅವನೂ ಬಿಟ್ಟ. ಅವನ ಚಪ್ಪಲಿ ಸದ್ದು ಚಟ್ ಪಟ್ ಎಂದು ಗೇಟಿನವರೆಗೆ ಹೋಗಿ ನಿಂತುಹೋಯಿತು.

ನಾಲ್ಕು ಜನರ ಹಗ್ಗ ಒಬ್ಬನ ಕೈಗೆ ಬಂತು. ಉಡ ಹಿಮ್ಮಡಿಯನ್ನು ಗೂಟಕ್ಕೆ ಕೊಟ್ಟ.

"ಬಿಡು," ಅಂದ ಮೇಸ್ತ್ರಿ. ದನಿ ತಣ್ಣಗಿತ್ತು. "ಕೈ ಜಾರಿತು ಅನ್ನೋಣ. ಇಂಥ ಕೆಲಸದಲ್ಲಿ ಆಗುತ್ತೆ."

"ಆಗಲ್ಲ ಮಾವ."

"ಅನ್ನ ಹಾಕಿದ ಮನೆ ಇದು. ನಿನ್ನ ಹೆಂಡತಿ ನನ್ನ ಮಗಳು."

"ಹಾಗಾದ್ರೆ ಅವಳನ್ನೇ ಕರೆಸಿ ಕೇಳಿ. ಬಿಡು ಅಂತಾಳಾ ನೋಡಿ."

"ಭಾವ," ಅಂದ ಸೀಮೆಎಣ್ಣೆ. ಅವನ ಕೈಯಲ್ಲಿ ಸಲಿಕೆಯಿತ್ತು. "ನಿಮ್ಮನ್ನ ಹೊಡೆಯೋಕೆ ನನಗೆ ಇಷ್ಟ ಇಲ್ಲ."

"ಇಷ್ಟ ಇಲ್ದಿದ್ರೆ ಹೊಡೀಬೇಡ."

ಹೊಡೆದ. ಸಲಿಕೆಯ ಹಿಡಿ ಬಲಗೈ ಗೆಣ್ಣಿನ ಮೇಲೆ ಬಿತ್ತು. ಮೊದಲ ಏಟಿಗೆ ಟಪ್. ಎರಡನೆಯದಕ್ಕೆ ಕರಕ್… ಹಸಿ ಕಡ್ಡಿ ಮುರಿದ ಹಾಗೆ. ಹಗ್ಗ ಒಂದು ಗೇಣು ಜಾರಿತು. ಗವಸಿನ ಚರ್ಮ ಸುಟ್ಟ ವಾಸನೆ ಬಂತು. ಕೆಂಪು ಹೊಲಿಗೆ ಬಿಡಲಿಲ್ಲ. ಉಡ ಎಡ ಮುಂಗೈಗೆ ಹಗ್ಗ ಸುತ್ತಿಕೊಂಡ. ಇನ್ನು ಬಿಡಬೇಕೆಂದರೂ ಬಿಡಲು ಬರುವುದಿಲ್ಲ. ಅದನ್ನು ನೋಡಿ ಸೀಮೆಎಣ್ಣೆಗೆ ನಿಜವಾದ ಸಿಟ್ಟು ಬಂತು. ಪಕ್ಕೆಗೆ ಒದ್ದ. ಬಾಯಿಗೆ ಒದ್ದ. ಒದೆಯುವ ಭರದಲ್ಲಿ ಹಗ್ಗದ ಸುರುಳಿಯನ್ನೂ ಒದ್ದ. ಅದರ ತುದಿ ಕಟ್ಟೆಯ ಸಂದಿನ ಕಡೆ ಉರುಳಿ, ಅಂಚು ದಾಟಿ ಒಳಗೆ ಜಾರಿತು. ಯಾರೂ ಗಮನಿಸಲಿಲ್ಲ.

ಕೆಳಗೆ ಗುಬ್ಬಿ ಒಂದೇ ಮಾತು ಕೂಗುತ್ತಿದ್ದ. "ಅಣ್ಣಾ, ಏನಾಯ್ತು? ಅಣ್ಣಾ…"

ಆಮೇಲೆ ಅದೂ ನಿಂತಿತು.

ಎಳೆತ ಬಂತು. ಉಡನ ಮುಂಗೈಗೇ ಬಂತು, ನಾಡಿ ಬಡಿದ ಹಾಗೆ. ಎರಡು.

ತಡೆಯಿತು.

ಮತ್ತೆ ಎರಡು.

ಟಕ್ ಎಂದು ರಾಟೆಯ ಅಚ್ಚು ಪಕ್ಕಕ್ಕೆ ಕೂತಿತು. ಐವತ್ತೆರಡು ಕೆಜಿ ಹೊತ್ತ ಹಗ್ಗ ಇದ್ದಕ್ಕಿದ್ದಂತೆ ಮೂರು ಪಟ್ಟು ಭಾರವಾಯಿತು. ಚೌಕಟ್ಟಿನ ಕಾಲು ಕಲ್ಲಿನ ಮೇಲೆ ಕಿರಿಚಿತು. ಮೇಸ್ತ್ರಿಯ ಮುಖ ಬಿಳುಚಿಕೊಂಡಿತು. ನಾಲ್ಕು ಬರೋದಿಲ್ಲ ಅಂದವನು ಅವನೇ ಅಲ್ಲವೇ.

"ಕಡಿ," ಅಂದ ಮಗನಿಗೆ. ಈಗ ದನಿ ನಡುಗಿತು. "ಹಗ್ಗ ಕಡಿದು ಹಾಕು. ಬೇಗ."

ಸೀಮೆಎಣ್ಣೆ ಕೊಡಲಿ ತಂದ. ಉಡನ ಪಕ್ಕ ಬಂದು ಕಾಲಗಲಿಸಿ ನಿಂತು ಎರಡೂ ಕೈಯಲ್ಲಿ ಎತ್ತಿದ. ಹುಟ್ಟಿದಾಗಿನಿಂದ ಹಗ್ಗದ ನಡುವೆ ಬೆಳೆದವನು, ಸುರುಳಿಯೊಳಗೆ ಕಾಲಿಡಬಾರದು ಎಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಸಿಟ್ಟಿನಲ್ಲಿ ನೋಡಲಿಲ್ಲ. ಎರಡೂ ಪಾದ ಸುರುಳಿಯ ನಟ್ಟನಡುವೆ ಇದ್ದವು.

ಬಾವಿಯೊಳಗೆ ಇಳಿಬಿದ್ದಿದ್ದ ತುದಿಯನ್ನು ಕೆಳಗಿನಿಂದ ಯಾರೋ ಎಳೆದರು.

ಸರ್ರ್ ಎಂದು ಸುರುಳಿ ಓಡಿತು. ಚಟ್ ಎಂದು ಕಣಕಾಲಿಗೆ ಬಿಗಿಯಿತು. ಅವನು ಬೆನ್ನಡಿ ಬಿದ್ದ. ಕೊಡಲಿ ಎತ್ತಲೋ ಹಾರಿತು. ಉಗುರಿನಿಂದ ಕಲ್ಲು ಗೀರುತ್ತ, ಮಲಗಿದಲ್ಲೇ ಜರುಗುತ್ತ ಸಂದಿನ ಕಡೆ ಹೋದ. ನಾಲ್ಕು ಚಪ್ಪಡಿ ಇಲ್ಲದ ಆ ಜಾಗದಲ್ಲಿ ಅವನ ಕಾಲು ಹೋಯಿತು, ಸೊಂಟ ಹೋಯಿತು… ಕೊನೆಗೆ ಬೆರಳುಗಳು. "ಅಪ್ಪಾ," ಅಂದ. ಚಿಕ್ಕ ಮಕ್ಕಳು ಅನ್ನುವ ಹಾಗೆ.

ಹಗ್ಗ ಬಿಗಿಯಿತು. ಕೆಳಗೆ ತಲೆ ಗೋಡೆಗೆ ಬಡಿಯುವ ಸದ್ದು. ಧಡ್… ಧಡ್…

ಹಗ್ಗ ಒಂದೇ. ಒಂದು ಕೊನೆಗೆ ಗುಬ್ಬಿ, ಇನ್ನೊಂದರಲ್ಲಿ ತಲೆಕೆಳಗಾಗಿ ಸೀಮೆಎಣ್ಣೆ. ನಡುವೆ ಗೂಟ, ಗೂಟಕ್ಕೊರಗಿದ ಉಡ. ಎರಡು ಕಡೆಗೂ ಕೈ ಚಾಚಿ ಸೀಳಿದಂತೆ ಕೂತಿದ್ದ.

"ಬಿಡಬೇಡ," ಅಂದ ಮೇಸ್ತ್ರಿ. ಮೊಣಕಾಲೂರಿ ಅಳಿಯನ ಭುಜ ಹಿಡಿದುಕೊಂಡಿದ್ದ. "ನಿನ್ನ ಕಾಲಿಗೆ ಬೀಳ್ತೀನಿ, ಬಿಡಬೇಡಪ್ಪಾ. ಆ ಕಡೇದು ಬಿಡು. ಇದನ್ನ ಹಿಡಿ. ನನ್ನ ಮಗ."

ಉಡ ಬಾಯಲ್ಲಿದ್ದ ರಕ್ತ ಉಗಿದ. "ಎರಡನ್ನೂ ಹಿಡಿದಿದೀನಿ ಮಾವ. ನೀವು ಎಳೀರಿ."

ಮೇಸ್ತ್ರಿ ಎಳೆದ. ಮಗ ಕಾಲು ಮೊದಲಾಗಿ ಬಂದ. ಹಗ್ಗ ಕಣಕಾಲಿನ ಮಾಂಸ ಕಚ್ಚಿ ಮೂಳೆಯವರೆಗೆ ಇಳಿದಿತ್ತು. ಪಾದ ಹಿಂದುಮುಂದಾಗಿ ತೂಗುತ್ತಿತ್ತು. ಹಣೆಯ ಚರ್ಮ ಸುಲಿದು ಕಣ್ಣಿನ ಮೇಲೆ ಬಿದ್ದಿತ್ತು. ಉಸಿರಿತ್ತು. ಮೇಸ್ತ್ರಿ ಹಗ್ಗ ಬಿಡಿಸಿ ಅವನನ್ನು ಹೆಗಲ ಮೇಲೆ ಹಾಕಿಕೊಂಡ.

"ಮಾವ, ಕೆಳಗೆ ಇನ್ನೊಬ್ಬ ಇದಾನೆ. ಒಂದು ಕೈ ಕೊಡಿ. ಒಂದೇ ಕೈ."

ಮೇಸ್ತ್ರಿ ತಿರುಗಿ ನೋಡಲಿಲ್ಲ. ಆ ರಾತ್ರಿ ಅವನು ನಿಯಮ ಮುರಿದದ್ದು ಎರಡನೆಯ ಸಲ.

ಉಡ ಒಬ್ಬನೇ ಎಳೆದ. ಮುರಿದ ಬೆರಳು ಕೆಲಸಕ್ಕೆ ಬರಲಿಲ್ಲ, ಅಂಗೈ ಮತ್ತು ಮೊಣಕೈ ಸೇರಿಸಿ ಎಳೆದ. ಒಂದಡಿ. ಇನ್ನೊಂದಡಿ. ಹತ್ತಡಿ ಉಳಿದಿತ್ತು ಅನ್ನುವಾಗ ಹಗ್ಗ ಹಗುರವಾಯಿತು. ಗುಬ್ಬಿ ಬಿದ್ದೇ ಹೋದ ಅಂದುಕೊಂಡ. ಅಷ್ಟರಲ್ಲಿ ಸಂದಿನಲ್ಲಿ ಎರಡು ಕೆಸರುಗೈ ಕಂಡವು. ಗುಬ್ಬಿ ತೆವಳಿ ಮೇಲೆ ಬಂದು, ಕುಣಿಕೆಯಿಂದ ಸೊಂಟ ಬಿಡಿಸಿಕೊಂಡು ನೆಲಕ್ಕೆ ಮುಖ ಕೊಟ್ಟು ಬಿದ್ದುಕೊಂಡ. ಖಾಲಿ ಕುಣಿಕೆ ಜಾರಿ ಮತ್ತೆ ಬಾವಿಗೆ ಬಿತ್ತು.

"ಅಣ್ಣಾ," ಅಂದ. "ಕೊನೇಲಿ ನೀನು ಎಳೀಲಿಲ್ಲ."

"ಎಳೆದೆ."

"ಇಲ್ಲಣ್ಣ. ಹಗ್ಗ ಸಡಿಲ ಇತ್ತು. ನನ್ನ ಪಾದ ಹೆಗಲ ಮೇಲಿತ್ತು." ಗುಬ್ಬಿ ಪಿಸುಗುಟ್ಟಿದ. "ಬಲಗಾಲ ಕೆಳಗಿನ ಹೆಗಲು ಎತ್ತರ. ಎಡಗಾಲ ಕೆಳಗಿನದು ಗಿಡ್ಡ."

ಉಡ ಬಾವಿಯ ಕಡೆ ನೋಡಿದ.

"ಬಾ, ಹೋಗೋಣ. ಹಗ್ಗ ಬಿಟ್ಟು ಬಾ."

"ನೀನು ಹೋಗು. ಮಾವ ಆಸ್ಪತ್ರೆಯಿಂದ ಮನೆಗೆ ಬರೋದ್ರೊಳಗೆ ಅವಳನ್ನ ಕರ್ಕೊಂಡು ಊರು ಬಿಡು. ಅವಳಕ್ಕ ಬಾಗಿಲು ತೆಗೀತಾಳೆ."

"ನೀನು?"

ಉಡ ಗದ್ದದಿಂದ ಹಗ್ಗ ತೋರಿಸಿದ. ಖಾಲಿ ಹಗ್ಗ ನಿಧಾನವಾಗಿ ಬಿಗಿಯಾಗುತ್ತಿತ್ತು. ಗುಬ್ಬಿ ನೋಡಿದ. ಹಿಂದೆ ಹಿಂದೆ ಹೆಜ್ಜೆಯಿಟ್ಟ. ಆಮೇಲೆ ಓಡಿದ. ಅವನನ್ನು ಬೈಯುವ ಹಾಗಿಲ್ಲ.

ಇದೆಲ್ಲ ಆದದ್ದು. ಕಟ್ಟಿ ಹೇಳುವ ಅಭ್ಯಾಸ ನನಗಿಲ್ಲ. ಸೀಮೆಎಣ್ಣೆಯ ಕಾಲನ್ನು ಮೊಣಕಾಲಿನ ಕೆಳಗೆ ತೆಗೆದರು, ಆಸ್ಪತ್ರೆಯ ಚೀಟಿಯಲ್ಲಿ ಕೆಲಸದಲ್ಲಿ ಆದ ಅವಘಡ ಅಂತಿದೆ. ಮೇಸ್ತ್ರಿ ಕಸುಬು ಬಿಟ್ಟ. ಗುಬ್ಬಿಯೂ ಚಿಕ್ಕವಳೂ ದೂರದ ಊರಲ್ಲಿ ಕೈಗವಸಿನ ಅಂಗಡಿ ಇಟ್ಟಿದ್ದಾರೆ. ಹಿರಿಯವಳು ಮೂರನೇ ದಿನ ಟ್ರಂಕು ಹೊತ್ತು ಗಂಡನ ಹಿಂದೆ ಬಂದವಳು ತವರಿನ ಹೊಸಿಲು ಮತ್ತೆ ತುಳಿದಿಲ್ಲ. ಬೆಳಿಗ್ಗೆ ಬಂದ ಕಾವಲಿನವನು ಕಂಡದ್ದು ಇಷ್ಟು: ಗೂಟಕ್ಕೊರಗಿ ಎಚ್ಚರ ತಪ್ಪಿದ ಉಡ. ಅವನ ಮುಂಗೈಯಿಂದ ಹಗ್ಗ ಬಿಡಿಸಲಾಗದೆ ಕತ್ತರಿಸಬೇಕಾಯಿತು. ಆ ಹಗ್ಗ ನಗರಸಭೆಯ ಉಗ್ರಾಣದಲ್ಲಿದೆ. ನಾನೇ ಹೋಗಿ, ಕೈಯಲ್ಲಿ ಹಿಡಿದು ನೋಡಿದ್ದೇನೆ. ಹಗ್ಗ ನೈಲಾನಿನದು, ಹಳದಿ, ಹೊಸದು. ಬಾವಿಯಿಂದ ಬಂದ ತುದಿಗೆ ಮಾತ್ರ ಮೂರು ಮೊಳದಷ್ಟು ಹಳೆಯ ನಾರಿನ ಹಗ್ಗ ಗಂಟು ಹಾಕಿದೆ. ಅದಕ್ಕೆ ಎರಡು ಕುಣಿಕೆ, ಒಂದು ದೊಡ್ಡದು, ಒಂದು ಚಿಕ್ಕದು. ಇಂಥ ನಾರಿನ ಹಗ್ಗ ಈಗ ಎಲ್ಲೂ ಹೊಸೆಯುವುದಿಲ್ಲ. ಎರಡು ಕುಣಿಕೆಯೂ ಖಾಲಿ, ಎರಡೂ ಒದ್ದೆ. ನಾನು ನೋಡಿದ್ದು ಐದು ತಿಂಗಳಾದ ಮೇಲೆ.

ಆದರೆ ಅದು ಬೆಳಗಿನ ಮಾತು. ಆ ರಾತ್ರಿ ಎರಡೂವರೆಗೆ ಬಾವಿಯ ಬಳಿ ಉಳಿದವನು ಉಡ ಒಬ್ಬನೇ. ದೀಪದ ಎಣ್ಣೆ ಮುಗಿಯುತ್ತ ಬಂದಿತ್ತು. ಗೇಟು ತೆರೆದೇ ಇತ್ತು. ಅವನಿಗೆ ಬೇಕಾದವರು ಯಾರೂ ಈಗ ಕೆಳಗಿರಲಿಲ್ಲ. ಮುಂಗೈಯ ಸುತ್ತು ಬಿಚ್ಚಿ ಎದ್ದು ಹೋಗಿದ್ದರೆ ಕೇಳುವವರು ಯಾರಿದ್ದರು?

ಎಳೆತ ಬಂತು. ಈ ಸಲ ಅವಸರವಿರಲಿಲ್ಲ. ಎರಡು.

ತಡೆಯಿತು…

ಮತ್ತೆ ಎರಡು.

ಉಡ ಹಿಮ್ಮಡಿಯನ್ನು ಗೂಟಕ್ಕೆ ಕೊಟ್ಟ. ಬಾವಿಯ ಕಡೆ ತಿರುಗಿ, "ಹಿಡಿದಿದೀನಿ," ಅಂದ. ಆಮೇಲೆ ಎಳೆಯಲು ಶುರು ಮಾಡಿದ.